ಕತ್ತರಿಗೆ ಮುಂಚಿನ ಪುಟ: ಬಟ್ಟೆಯ ಕಲೆ ಮತ್ತು ಕರಡು ಪುಸ್ತಕ



ಇಂದಿನ ಮಾತಿಗೆ ನಾನು ಆರಿಸಿಕೊಂಡಿರುವುದು ಮೇಲುನೋಟಕ್ಕೆ ಬಹಳ ಚಿಕ್ಕ ಪ್ರಶ್ನೆ. ಬಟ್ಟೆಯಲ್ಲಿ ಕಲೆಗಾರಿಕೆ ಮಾಡುವವರು, ಎಂದರೆ ಕೌದಿ ಹೊಲಿಯುವವರು, ಕಸೂತಿ ತೆಗೆಯುವವರು, ತುಂಡುಗಳನ್ನು ಜೋಡಿಸಿ ಕ್ವಿಲ್ಟ್ ಮಾಡುವವರು, ಕತ್ತರಿ ಎತ್ತಿಕೊಳ್ಳುವ ಮೊದಲು ಪುಸ್ತಕ ಪೆನ್ಸಿಲ್ ಎತ್ತಿಕೊಳ್ಳಬೇಕೇ? ಚಿತ್ರಕಾರರ ಜೋಳಿಗೆಯಲ್ಲಿ ಸ್ಕೆಚ್‌ಬುಕ್ ಕಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಕೌದಿ ಹೊಲಿಯುವವರ ಮಗ್ಗುಲಲ್ಲಿ ಕಂಡರೆ ಮಾತ್ರ, ಚಿಂದಿ ಹಚ್ಚುವುದಕ್ಕೆ ನಕ್ಷೆ ಯಾಕೆ ಎಂಬ ಮಾತು ಬಂದೇ ಬರುತ್ತದೆ. ಆ ಮಾತಿನಲ್ಲಿ ಅರ್ಧ ನಿಜವಿದೆ, ಅರ್ಧ ತಾತ್ಸಾರವಿದೆ. ಎರಡನ್ನೂ ಬಿಡಿಸಿ ನೋಡುವುದು ಈ ಉಪನ್ಯಾಸದ ಕೆಲಸ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಬಟ್ಟೆಯ ಕಲೆಗೆ ಕರಡು ಪುಸ್ತಕ ಬೇಕು, ಆದರೆ ಅದು ಚಂದದ ಚಿತ್ರಗಳ ಪುಸ್ತಕವಾಗಿದ್ದರೆ ಪ್ರಯೋಜನ ಕಡಿಮೆ. ಎಳೆಯ ಎಣಿಕೆ, ಅಂಚಿನ ಅಳತೆ, ಹೊಲಿಗೆ ಸಾಗುವ ದಾರಿ, ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮ, ಇವು ಬಟ್ಟೆಯದೇ ಭಾಷೆ. ಆ ಭಾಷೆಯಲ್ಲಿ ಬರೆದ ಪುಟ ಮಾತ್ರ ಬಟ್ಟೆಗೆ ದಾಟುತ್ತದೆ. ಇದನ್ನು ತೋರಿಸಲು ಮೊದಲು ಬಟ್ಟೆಯ ಗುಣದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಅನಂತರ ನಮ್ಮ ಕಸೂತಿ, ರಂಗೋಲಿಗಳ ಕಡೆಗೂ ಯುರೋಪಿನ ಕೆಲವು ಹಳೆಯ ಮಾದರಿಗಳ ಕಡೆಗೂ ಹೋಗಿ, ಅಲ್ಲಿಂದ ಒಂದೇ ವಿನ್ಯಾಸ ನೂರಾಗುವ ಬಗೆಗೆ ಬರುತ್ತೇನೆ. ಕೊನೆಗೆ ಆಕ್ಷೇಪಗಳು. ಅವುಗಳಲ್ಲಿ ಒಂದು ಬಹಳ ಗಟ್ಟಿಯಾದದ್ದು, ಅದಕ್ಕೆ ಹೆಚ್ಚು ಹೊತ್ತು ಕೊಡಬೇಕಾಗುತ್ತದೆ.

ಬಟ್ಟೆಯ ಗುಣದಿಂದ ಶುರುಮಾಡೋಣ. ಎಣ್ಣೆಬಣ್ಣದಲ್ಲಿ ಕೆಲಸ ಮಾಡುವವರು ಬೇಡವಾದುದನ್ನು ಕೆರೆದು ಮೇಲೆ ಮತ್ತೊಂದು ಬಣ್ಣ ಬಳಿಯಬಹುದು. ಮಣ್ಣಿನ ಕೆಲಸದವರು ಹಸಿ ಇರುವ ತನಕ ಮುದ್ದೆ ಕಟ್ಟಿ ಮತ್ತೆ ತಿಗುರಿಗೆ ಹಾಕಬಹುದು. ಬಟ್ಟೆಯಲ್ಲಿ ಹೊಲಿಗೆಯನ್ನು ಬಿಚ್ಚಬಹುದೇ ಹೊರತು ಕತ್ತರಿಯ ಬಾಯಿಗೆ ಹೋದದ್ದನ್ನು ಹಿಂದೆ ತರಲಾಗದು. ಜೋಡಿಸಿದರೆ ಅಲ್ಲೊಂದು ಗೆರೆ ಉಳಿಯುತ್ತದೆ, ಅಳತೆಯೂ ಕುಗ್ಗುತ್ತದೆ. ಕುಗ್ಗುವ ಲೆಕ್ಕವನ್ನೇ ನೋಡಿ. 36 ಇಂಚಿನ ಒಂದು ಸಾಲು ಬೇಕು, ನಾಲ್ಕು ಇಂಚಿನ ಒಂಬತ್ತು ಚೌಕ ಸಾಕು ಎಂದು ಒಂಬತ್ತನ್ನೂ ಸರಿಯಾಗಿ 4 ಇಂಚಿಗೆ ಕತ್ತರಿಸಿಕೊಂಡರು ಎಂದಿಟ್ಟುಕೊಳ್ಳಿ. ಕ್ವಿಲ್ಟ್ ಕೆಲಸದಲ್ಲಿ ಹೊಲಿಗೆಯ ಮಾರ್ಜಿನ್ನಿಗೆ ಪ್ರತಿ ಅಂಚಿನಿಂದ ಕಾಲು ಇಂಚು ಒಳಗೆ ಹೋಗುತ್ತದೆ. ಎರಡು ಮಗ್ಗುಲು ಸೇರಿದರೆ ಚೌಕವೊಂದಕ್ಕೆ ಅರ್ಧ ಇಂಚು. ಎಲ್ಲ ಹೊಲಿದು ಅಂಚು ಕಟ್ಟಿದಾಗ ಕೈಗೆ ಸಿಗುವ ಸಾಲು 31½ ಇಂಚಿನದು. ಮಂಚದ ಅಳತೆಗೆಂದು ಹೊರಟದ್ದು ತೊಟ್ಟಿಲಿನ ಅಳತೆಗೆ ನಿಲ್ಲುವುದು ಹೀಗೆಯೇ. ತ್ರಿಕೋನಕ್ಕೆ ಬಂದರೆ ಲೆಕ್ಕ ಇನ್ನಷ್ಟು ತೊಡಕಾಗುತ್ತದೆ. ಎರಡು ಬಣ್ಣದ ತ್ರಿಕೋನಗಳನ್ನು ಮೂಲೆಯಿಂದ ಮೂಲೆಗೆ ಜೋಡಿಸಿ 4 ಇಂಚಿನ ಚೌಕ ಮಾಡಬೇಕಾದರೆ 4½ ಇಂಚಿನ ಚೌಕವನ್ನು ಓರೆಯಾಗಿ ಕತ್ತರಿಸಿದರೆ ಸಾಲದು, 4⅞ ಬೇಕು. ಓರೆ ಹೊಲಿಗೆ ನೇರ ಹೊಲಿಗೆಗಿಂತ ಹೆಚ್ಚು ನುಂಗುತ್ತದೆ. ಮೇಲಾಗಿ ಬಟ್ಟೆ ಹಾಸಿನ ಉದ್ದಕ್ಕೂ ಹೊಕ್ಕಿನ ಅಡ್ಡಕ್ಕೂ ಬಿಗಿಯಾಗಿ ನಿಂತರೂ, ದರ್ಜಿಗಳು ಕ್ರಾಸ್ ಎನ್ನುವ ಓರೆ ದಿಕ್ಕಿನಲ್ಲಿ ಎಳೆದಷ್ಟೂ ಬರುತ್ತದೆ. ತ್ರಿಕೋನದ ಉದ್ದದ ಅಂಚು ಇರುವುದು ಸರಿಯಾಗಿ ಆ ದಿಕ್ಕಿನಲ್ಲಿ.

ಬಣ್ಣದ ಪೆನ್ಸಿಲಿನಿಂದ ಅಂದವಾಗಿ ತುಂಬಿದ ಚಿತ್ರ ಇದಾವುದನ್ನೂ ಹೇಳುವುದಿಲ್ಲ. ಹೊಲಿಯುವ ಕ್ರಮವನ್ನೂ ಹೇಳುವುದಿಲ್ಲ. ಮೂರು ಮೂರು ಚೌಕಗಳ ಮೂರು ಸಾಲಾಗಿ ಬಿಡಿಸಬಹುದಾದ ನಕ್ಷತ್ರವನ್ನು ನೇರ ಹೊಲಿಗೆಯಲ್ಲೇ ಮುಗಿಸಬಹುದು. ಅಷ್ಟೇ ಸರಳವಾಗಿ ಕಾಣುವ ಆರು ಮೂಲೆಯ ತುಂಡುಗಳ ಹಾಸಿನಲ್ಲಿ ನೇರ ಸಾಲೇ ಇಲ್ಲ, ಪ್ರತಿ ಮೂಲೆಯಲ್ಲೂ ಹೊಲಿಗೆ ತಿರುಗಬೇಕು. ಕಾಗದದ ಮೇಲೆ ಎರಡೂ ಒಂದೇ ಸಲೀಸು. ಆದ್ದರಿಂದ ಬಟ್ಟೆಯವರ ಪುಟದಲ್ಲಿ ಚಿತ್ರದ ಪಕ್ಕ ಅಂಕಿಗಳಿರಬೇಕು, ಅಂಕಿಗಳ ಪಕ್ಕ ಬಾಣದ ಗುರುತುಗಳಿರಬೇಕು. ಅಂಥ ಪುಟ ನೋಡಲು ಅಷ್ಟೇನೂ ಚೆನ್ನಾಗಿರುವುದಿಲ್ಲ. ಶಾಲೆಯ ಮಕ್ಕಳ ಭಾಷೆಯಲ್ಲಿ ಹೇಳುವುದಾದರೆ ಅದು ರಫ್ ನೋಟ್‌ಬುಕ್.

ಇಲ್ಲಿಂದ ಎರಡನೆಯ ವಿಷಯಕ್ಕೆ, ಕಸೂತಿಗೆ ಬರುತ್ತೇನೆ. ಧಾರವಾಡದ ಸೀಮೆಯ ಈ ಕೆಲಸವನ್ನು ಇಂದಿನ ವಾದಕ್ಕೆ ತಂದಿರುವುದಕ್ಕೆ ಕಾರಣವಿದೆ. ಸಾಂಪ್ರದಾಯಿಕ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯೇ ಇಲ್ಲ. ಇಳಕಲ್ ಸೀರೆಯ ನೆಯ್ಗೆಯ ಎಳೆಗಳನ್ನು ಎಣಿಸಿ ಎಣಿಸಿ ಗೋಪುರ, ತೇರು, ಆನೆ ಅಂಬಾರಿ, ತುಳಸಿ ಕಟ್ಟೆ, ನವಿಲು ಎಲ್ಲವನ್ನೂ ಎಬ್ಬಿಸುತ್ತಾರೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳು ಇಲ್ಲಿರುವವರಿಗೆ ಗೊತ್ತೇ ಇವೆ. ಗವಂತಿಯೂ ಮುರಗಿಯೂ ಬಟ್ಟೆಯ ಎರಡು ಮೈಯಲ್ಲೂ ಒಂದೇ ರೀತಿ ಕಾಣಬೇಕು, ಹಿಂದೆ ಗಂಟು ಇರಬಾರದು. ಬಳಪದ ಗುರುತು ತೊಳೆದರೆ ಹೋಗುತ್ತದೆ, ಗಂಟಿನ ಗುಬುಟು ಹೋಗುವುದಿಲ್ಲ.

ಗವಂತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗುತ್ತದೆ, ಬರುವಾಗ ಅದೇ ದಾರಿಯಲ್ಲಿ ಬಂದು ಬಿಟ್ಟ ಜಾಗಗಳನ್ನು ತುಂಬುತ್ತದೆ. ಒಂದೇ ಗೆರೆಯಾದರೆ ಇದು ಸುಲಭ. ತುಳಸಿ ಕಟ್ಟೆಯನ್ನು ತೆಗೆದುಕೊಳ್ಳಿ. ಕೆಳಗೆ ಕಟ್ಟೆಯ ಗೆರೆ, ನಡುವೆ ಮೇಲಕ್ಕೇಳುವ ಕಾಂಡ, ಕಾಂಡಕ್ಕೆ ಎಡಬಲದ ಕವಲು. ಕಟ್ಟೆಯ ಗೆರೆಯಲ್ಲಿ ಸಾಗುವ ಸೂಜಿ ಕಾಂಡದ ಬುಡಕ್ಕೆ ಬಂದಾಗ ಮೇಲಕ್ಕೆ ಹೋಗಿ, ಪ್ರತಿ ಕವಲಿಗೂ ಹೋಗಿ ಬಂದು, ಕೆಳಗಿಳಿದು, ಆಮೇಲೆ ಮುಂದಿನ ಗೆರೆ ಹಿಡಿಯಬೇಕು. ಹೋಗುವಾಗ ಒಂದು ಕವಲನ್ನು ಮರೆತರೆ ಬರುವಾಗ ಹಿಡಿಯಬಹುದು. ಎರಡು ಸಲವೂ ಮರೆತರೆ ಆ ಪುಟ್ಟ ಕವಲಿಗಾಗಿ ಬೇರೆ ದಾರ ಪೋಣಿಸಿ, ಅದರ ಎರಡು ತುದಿಗಳನ್ನು ಗಂಟಿಲ್ಲದೆ ಮರೆಮಾಡುವ ಹೊಸ ತೊಡಕು. ಈ ಕೆಲಸದ ಜಾಣ್ಮೆಗೆ ಒಂದು ಗಣಿತವೂ ಇದೆ. ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಓಡುವುದರಿಂದ, ಬಿಡಿಬಿಡಿಯಾಗಿರದ ಯಾವ ಆಕೃತಿಯನ್ನಾದರೂ ಪೂರ್ತಿ ಸುತ್ತಿ ಹೊರಟಲ್ಲಿಗೇ ವಾಪಸು ಬರಬಹುದು. 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಸುತ್ತಿಬರಲಾಗದು ಎಂದು ತೋರಿಸಿದ. ಪ್ರತಿ ಸೇತುವೆಯನ್ನು ಎರಡು ಸಲ ದಾಟಬಹುದು ಎಂದಿದ್ದರೆ ಆ ಸಮಸ್ಯೆ ಸಮಸ್ಯೆಯೇ ಆಗುತ್ತಿರಲಿಲ್ಲ. ಕಸೂತಿಯವರು ಕಟ್ಟಿಕೊಂಡಿರುವುದು ಆ ಎರಡನೆಯ ಊರನ್ನು.

ಹಾಗಾದರೆ ಕಸೂತಿ ಕಲಿಯುವವರ ಪುಸ್ತಕದಲ್ಲಿ ಏನಿರಬೇಕು? ಗೋಪುರದ ಚಿತ್ರ ಇದ್ದರೆ ಸಾಲದು. ಚೌಕಳಿ ಕಾಗದದ ಮೇಲೆ ಗೋಪುರ, ಅದರ ಮೇಲೆ ಸೂಜಿ ಎಲ್ಲಿಂದ ಹೊರಟಿತು, ಯಾವ ಕವಲಿಗೆ ಮೊದಲು ಹೋಯಿತು, ಎಲ್ಲಿ ತಿರುಗಿತು ಎಂಬ ಬಾಣಗಳು ಬೇಕು. ಇದನ್ನು ಪೇಟೆಯಲ್ಲಿ ನಡೆಯುವ ಟ್ರೇಸಿಂಗ್ ಕೆಲಸದ ಜೊತೆ ಹೋಲಿಸಿ ನೋಡಿ. ಅಲ್ಲಿ ಕಾಗದದ ಮೇಲಿನ ಗೆರೆಯ ಉದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನೋ ಬಿಳಿ ಪುಡಿಯನ್ನೋ ಬಟ್ಟೆಯ ಉಂಡೆಯಿಂದ ಉಜ್ಜಿ ಚಿತ್ರ ಇಳಿಸುತ್ತಾರೆ. ಅದು ಒಳ್ಳೆಯ ಉಪಾಯ, ಅದರಿಂದ ಎಷ್ಟೋ ಮನೆಗಳ ಜೀವನ ನಡೆದಿದೆ. ಆದರೆ ಆ ಕಾಗದ ಸಿದ್ಧವಾದ ಚಿತ್ರವನ್ನು ಸಾಗಿಸುತ್ತದೆ, ದಾರಿಯನ್ನು ಹೇಳುವುದಿಲ್ಲ.

ಕಸೂತಿಯ ಮಗ್ಗುಲಲ್ಲೇ ನಮ್ಮಲ್ಲಿ ಇನ್ನೊಂದು ಪುಸ್ತಕವಿದೆ. ಅದನ್ನು ಯಾರೂ ಸ್ಕೆಚ್‌ಬುಕ್ ಎಂದು ಕರೆದಿಲ್ಲ. ಹಳೆಯ ಡೈರಿಯಲ್ಲೋ ಲೆಕ್ಕದ ಪುಸ್ತಕದ ಖಾಲಿ ಪುಟಗಳಲ್ಲೋ ಹೆಂಗಸರು ಬರೆದಿಟ್ಟುಕೊಳ್ಳುವ ರಂಗೋಲಿ ಪುಸ್ತಕ ಅದು. ಅದರಲ್ಲಿ ಚಿತ್ರದ ತಲೆಯ ಮೇಲೆ ಒಂದು ಸೂತ್ರವಿರುತ್ತದೆ. ‘7ರಿಂದ 4, ಸಂದು ಚುಕ್ಕಿ’ ಎಂದು ಬರೆದಿದ್ದರೆ ನಡುವಿನ ಸಾಲಿನಲ್ಲಿ ಏಳು ಚುಕ್ಕಿ, ಅದರ ಮೇಲೂ ಕೆಳಗೂ ಸಂದಿನಲ್ಲಿ ಆರು, ಐದು, ನಾಲ್ಕು. ಒಟ್ಟು 37 ಚುಕ್ಕಿಗಳ ಆರು ಮೂಲೆಯ ಅಂಗಳ. ಈಗ ಅಮೆರಿಕದಲ್ಲಿ 1930ರ ದಶಕದಲ್ಲಿ ಮನೆಮನೆಯಲ್ಲೂ ಹೊಲಿಯುತ್ತಿದ್ದ ‘ಗ್ರ್ಯಾಂಡ್‌ಮದರ್ಸ್ ಫ್ಲವರ್ ಗಾರ್ಡನ್’ ಎಂಬ ಕ್ವಿಲ್ಟನ್ನು ನೆನೆಯಿರಿ. ನಡುವೆ ಆರು ಮೂಲೆಯ ಒಂದು ತುಂಡು, ಅದರ ಸುತ್ತ 6, ಅದರ ಸುತ್ತ 12, ಮೂರನೆಯ ಸುತ್ತು ಬೇಕೆಂದರೆ 18. ಕೂಡಿಸಿದರೆ ಅದೇ 37. ಇಬ್ಬರಲ್ಲಿ ಯಾರೂ ಯಾರನ್ನೂ ನೋಡಿ ಕಲಿತದ್ದಲ್ಲ. ಸಮತಟ್ಟಾದ ನೆಲವನ್ನೂ ಹಾಸಿಗೆಯನ್ನೂ ಸಂದಿಲ್ಲದಂತೆ ತುಂಬುವ ದಾರಿಗಳೇ ಕೆಲವು, ಅವುಗಳಲ್ಲಿ ಇದೊಂದು. ಆದರೆ ಕನ್ನಡದ ಮನೆಯಲ್ಲಿ ಬೆಳೆದು ಕ್ವಿಲ್ಟ್ ಕಲಿಯಹೊರಟವರಿಗೆ ಆರಂಭದ ಪುಸ್ತಕ ಅಂಗಡಿಯಲ್ಲಿಲ್ಲ, ದೇವರ ಮನೆಯ ಗೂಡಿನಲ್ಲಿದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಚುಕ್ಕಿಯ ಜಾಗದಲ್ಲಿ ತುಂಡು ಬಟ್ಟೆಯನ್ನು ಇಟ್ಟು ನೋಡುವುದಷ್ಟೇ ಅವರ ಪಾಲಿನ ಕೆಲಸ.

ಯುರೋಪಿನ ಮಾದರಿಗಳ ಕಡೆಗೆ ಒಂದು ಸುತ್ತು ಹಾಕಿ ಬರೋಣ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಜೇನ್ ಬಾಸ್ಟಕ್ ಎಂಬಾಕೆ ಹೊಲಿದ, 1598 ಎಂದು ಇಸವಿ ಇರುವ ಒಂದು ಸ್ಯಾಂಪ್ಲರ್ ಇದೆ. ಹೆಣ್ಣುಮಕ್ಕಳು ಕಂಡ ಹೊಲಿಗೆಯನ್ನು, ಹೂಬಳ್ಳಿಯನ್ನು ಒಂದು ಬಟ್ಟೆಯ ಮೇಲೆ ಅಲ್ಲಲ್ಲಿ ಹೊಲಿದು ಜ್ಞಾಪಕಕ್ಕೆ ಇಟ್ಟುಕೊಳ್ಳುತ್ತಿದ್ದರು. ಸ್ಯಾಂಪ್ಲರ್ ಎಂದರೆ ಅದು, ಬಟ್ಟೆಯದೇ ಪುಟವಿರುವ ಪುಸ್ತಕ. ಅದೇ ಮ್ಯೂಸಿಯಮ್ಮಿನಲ್ಲಿ ಆನಾ ಮರಿಯಾ ಗಾರ್ತ್‌ವೇಟ್ ಎಂಬ ವಿನ್ಯಾಸಗಾರ್ತಿಯ ಎಂಟುನೂರಕ್ಕೂ ಹೆಚ್ಚು ನೀರುಬಣ್ಣದ ಹಾಳೆಗಳಿವೆ. ಹದಿನೆಂಟನೆಯ ಶತಮಾನದ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ರೇಷ್ಮೆ ನೇಯುವವರಿಗೆ ಆಕೆ ವಿನ್ಯಾಸ ಬರೆದು ಮಾರುತ್ತಿದ್ದಳು. ಎಷ್ಟೋ ಹಾಳೆಗಳ ಮೇಲೆ ಕೊಂಡ ನೇಕಾರನ ಹೆಸರೂ ತಾರೀಖೂ ಇವೆ. ಈ ಎರಡನ್ನು ಒಟ್ಟಿಗೆ ಇಟ್ಟರೆ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಗಾರ್ತ್‌ವೇಟಳ ಹಾಳೆ ಇನ್ನೊಬ್ಬರ ಕೈಗೆ ಹೋಗುವಂಥದ್ದು, ಆದ್ದರಿಂದ ಅದರಲ್ಲಿ ಅನುಮಾನಕ್ಕೆ ಜಾಗವಿಲ್ಲ. ಸ್ಯಾಂಪ್ಲರ್ ಮುಖ್ಯವಾಗಿ ಹೊಲಿಯುವವಳು ತನ್ನ ಕೈಗೇ ಹೇಳಿಕೊಂಡದ್ದು, ಅಲ್ಲಿ ಅರ್ಧಕ್ಕೆ ಬಿಟ್ಟ ಗಿಡ ಇದ್ದರೂ ನಡೆಯುತ್ತದೆ. ನಕ್ಷೆ ಬೇರೆ, ಕರಡು ಬೇರೆ. ನಮ್ಮ ಹೊಲಿಗೆ ತರಗತಿಗಳಲ್ಲಿ ವಿದ್ಯಾರ್ಥಿನಿಯರು ಕಾಜಾ, ಹುಕ್ಕು, ಪ್ಲೀಟುಗಳ ತುಣುಕುಗಳನ್ನು ಅಂಟಿಸಿ ಒಪ್ಪಿಸುವ ರೆಕಾರ್ಡ್ ಪುಸ್ತಕ ಎರಡೂ ಅಲ್ಲ. ಅದು ಪರೀಕ್ಷಕರಿಗಾಗಿ ಮಾಡಿದ ಶುದ್ಧಪ್ರತಿ. ತಪ್ಪಿದ ತುಣುಕನ್ನು ಕಿತ್ತು ಹೊಸದನ್ನು ಅಂಟಿಸಿದ ಮೇಲೆಯೇ ಅದಕ್ಕೆ ಅಂಕ ಬೀಳುವುದು. ಕಲಿಕೆ ನಡೆದದ್ದು ಕಿತ್ತುಹಾಕಿದ ತುಣುಕಿನಲ್ಲಿ.

ಮೂರನೆಯ ವಿಷಯ, ಒಂದು ವಿನ್ಯಾಸ ಹಲವಾಗುವ ಬಗೆ. ಕರಡು ಪುಸ್ತಕಕ್ಕೆ ಅತಿ ಬಲವಾದ ಸಮರ್ಥನೆ ಸಿಗುವುದು ಇಲ್ಲಿ. ಅಮೆರಿಕದ ‘ಲಾಗ್ ಕ್ಯಾಬಿನ್’ ಎಂಬ ಮಾದರಿಯನ್ನು ನೋಡಿ. ನಡುವೆ ಒಂದು ಪುಟ್ಟ ಚೌಕ, ಎಷ್ಟೋ ಸಲ ಕೆಂಪು. ಅದರ ಸುತ್ತ ಒಂದಾದ ಮೇಲೊಂದು ಪಟ್ಟಿ ಹಚ್ಚುತ್ತ ಹೋಗುತ್ತಾರೆ, ಎರಡು ಮಗ್ಗುಲಿಗೆ ತಿಳಿ ಬಣ್ಣ, ಎರಡು ಮಗ್ಗುಲಿಗೆ ಗಾಢ ಬಣ್ಣ. ಮುಗಿದಾಗ ಚೌಕದ ಅರ್ಧ ಬಿಸಿಲು, ಅರ್ಧ ನೆರಳು. ಇಂಥ ಒಂದು ಚೌಕವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಇಡಬಹುದು. ನಾಲ್ಕು ಚೌಕಗಳಿದ್ದರೆ 256 ಬಗೆ, ಒಂಬತ್ತಿದ್ದರೆ 2,62,144 ಬಗೆ. ಒಂದು ಬಗೆಯಲ್ಲಿ ಓರೆ ನೇಗಿಲ ಸಾಲು ಕಾಣುತ್ತದೆ, ಇನ್ನೊಂದರಲ್ಲಿ ನಡುವಿನಿಂದ ಅಲೆಯೇಳುವ ವಜ್ರಾಕೃತಿ, ಮತ್ತೊಂದರಲ್ಲಿ ಸುಮ್ಮನೆ ಗೊಂದಲ. ಹೊಲಿದ ಚೌಕಗಳು ಒಂದೇ, ಜೋಡಣೆ ಮಾತ್ರ ಬೇರೆ. ಫ್ರಾನ್ಸಿನ ಪಾದ್ರಿ ಸೆಬಾಸ್ಟಿಯನ್ ಟ್ರುಶೆ 1704ರಲ್ಲೇ ಕರ್ಣಕ್ಕೆ ಎರಡು ಬಣ್ಣವಾದ ನೆಲಹಾಸಿನ ಬಿಲ್ಲೆಗಳನ್ನು ಇಟ್ಟುಕೊಂಡು ಇದೇ ಲೆಕ್ಕವನ್ನು ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದ್ದ. ಲೆಕ್ಕ ಯಾರಾದರೂ ಹಾಕಬಹುದು. ಎರಡೂವರೆ ಲಕ್ಷದಲ್ಲಿ ಯಾವುದು ಬೇಕೆಂದು ಗುರುತಿಸುವುದು ಕಣ್ಣಿನ ಕೆಲಸ. ಅದಕ್ಕೆ ಕಣ್ಣನ್ನು ಪಳಗಿಸಬೇಕು. ಚೌಕಳಿ ಹಾಳೆಯಲ್ಲಿ ಬೆರಳುಗುರಿನಷ್ಟು ಚೌಕಗಳನ್ನು ಪೆನ್ಸಿಲಿನಿಂದ ಅರ್ಧ ಮಸಿ ಮಾಡುತ್ತ ಒಂದು ಮಧ್ಯಾಹ್ನದಲ್ಲಿ ನಲವತ್ತು ಜೋಡಣೆ ನೋಡಬಹುದು. ನೆಲದ ಮೇಲೆ ಹೊಲಿದ ಚೌಕಗಳನ್ನು ಹರಡಿ ನಾಲ್ಕು ಜೋಡಣೆ ನೋಡುವುದರೊಳಗೆ ಸೊಂಟ ಹಿಡಿಯುತ್ತದೆ.

ಈ ಪಳಗಿಕೆಗೆ ಒಂದು ದೊಡ್ಡ ನಿದರ್ಶನ ಆನಿ ಆಲ್ಬರ್ಸ್. 1899ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ, 1922ರಲ್ಲಿ ಬೌಹೌಸ್ ಶಾಲೆ ಸೇರಿ, ಅಲ್ಲಿ ನೇಯ್ಗೆ ಕಲಿತು, 1933ರಲ್ಲಿ ಅಮೆರಿಕಕ್ಕೆ ಹೋಗಿ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಕಲಿಸಿದಾಕೆ. 1949ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಆಕೆಯ ನೇಯ್ಗೆಗಳದೇ ಪ್ರದರ್ಶನ ನಡೆಸಿತು. ಆಕೆ 1970ರಿಂದ 1980ರ ತನಕ ಬರೆದ ಒಂದು ಚೌಕಳಿ ಪುಸ್ತಕ ಇಂದು ಅಚ್ಚಾಗಿ ಸಿಗುತ್ತದೆ. ಅದರಲ್ಲಿ ತ್ರಿಕೋನಗಳೇ ತ್ರಿಕೋನಗಳು. ಚೌಕಳಿಯೊಳಗೆ ತುಂಬಿದ ತ್ರಿಕೋನ, ಬಿಟ್ಟ ತ್ರಿಕೋನ, ತಿರುಗಿಸಿದ ತ್ರಿಕೋನ, ಪುಟದಿಂದ ಪುಟಕ್ಕೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತ ಹೋಗುತ್ತವೆ. ಆ ಹೊತ್ತಿಗೆ ಆಕೆ ಮಗ್ಗವನ್ನು ಬಿಟ್ಟು ಮುದ್ರಣ ಚಿತ್ರಗಳ ಕಡೆಗೆ ತಿರುಗಿದ್ದಳು. ಆ ಪುಸ್ತಕ ನೇಯುವುದಕ್ಕೆಂದು ಬರೆದದ್ದಲ್ಲ. ಆದರೂ ಹಾಸು ಹೊಕ್ಕುಗಳ ನಡುವೆ ಅರ್ಧ ಶತಮಾನ ಕಳೆದ ಬೆರಳು ಖಾಲಿ ಹಾಳೆಯನ್ನು ಬಿಟ್ಟು ಚೌಕಳಿಯನ್ನೇ ಹಿಡಿಯಿತು ಎಂಬುದು ಗಮನಿಸಬೇಕಾದ ಸಂಗತಿ.

ಕರಡು ಪುಟವೊಂದು ಬೆಳೆಯುವುದು ಹೇಗೆ ಎಂಬುದನ್ನು ಒಂದು ಉದಾಹರಣೆಯಿಂದ ತೋರಿಸಿ ಆಕ್ಷೇಪಗಳಿಗೆ ಹೋಗುತ್ತೇನೆ. ಹಂಪಿಯ ರಾಜಾಂಗಣದಲ್ಲಿ ಉತ್ಖನನದಿಂದ ಹೊರಬಂದ ಮೆಟ್ಟಿಲು ಪುಷ್ಕರಣಿ ಎಲ್ಲರಿಗೂ ಗೊತ್ತು. ಕಪ್ಪು ಕಲ್ಲಿನ ಐದು ಹಂತಗಳು, ಹಂತ ಹಂತಕ್ಕೂ ಎರಡು ಕಡೆಯಿಂದ ಏರಿ ನಡುವೆ ಕೂಡುವ ಮೆಟ್ಟಿಲ ಗುಂಪುಗಳು. ವಿದ್ಯಾರ್ಥಿನಿಯೊಬ್ಬಳು ಅದನ್ನು ಕ್ವಿಲ್ಟ್ ಮಾಡಬೇಕೆಂದು ಹೊರಟಳು ಎಂದಿಟ್ಟುಕೊಳ್ಳೋಣ. ಇಡೀ ಪುಷ್ಕರಣಿಯ ಚಿತ್ರ ಬರೆದರೆ ಪ್ರವಾಸಿಗರ ಅಂಚೆ ಕಾರ್ಡ್ ಆಗುತ್ತದೆ. ಆಕೆ ಒಂದು ರಟ್ಟಿನ ನಡುವೆ ಎರಡು ಇಂಚಿನ ಕಿಟಕಿ ಕೊರೆದು ಅದರೊಳಗಿಂದ ಒಂದೇ ಒಂದು ಮೆಟ್ಟಿಲ ಗುಂಪನ್ನು ನೋಡುತ್ತಾಳೆ. ಮೊದಲ ಪುಟದಲ್ಲಿ ಕಲ್ಲು ಬರುವುದಿಲ್ಲ, ನೆರಳು ಬರುತ್ತದೆ. ಪೆನ್ಸಿಲಿನ ಮೂರೇ ಛಾಯೆ, ಬಿಸಿಲಿನ ಮೈ, ಓರೆ ಬೆಳಕಿನ ಮೈ, ಪೂರ್ತಿ ನೆರಳು. ಎರಡನೆಯ ಪುಟದಲ್ಲಿ ಅದನ್ನು ಚೌಕಳಿಗೆ ಇಳಿಸುತ್ತಾಳೆ, ಎಷ್ಟು ಮೆಟ್ಟಿಲು, ಒಂದೊಂದೂ ಎಷ್ಟು ಮನೆ. ಮೂರನೆಯ ಪುಟದಲ್ಲಿ ಆಕೃತಿ ಕೈಕೊಡುತ್ತದೆ, ಎಡದ ಏರಿಕೆಯೂ ಬಲದ ಏರಿಕೆಯೂ ಸೇರುವಲ್ಲಿ ಅರ್ಧ ಮನೆ ಹೆಚ್ಚು ಬರುತ್ತದೆ. ಆ ಅರ್ಧ ಮನೆಯನ್ನು ಸರಿಪಡಿಸಲು ಹೋದಾಗಲೇ ಇದು ಲಾಗ್ ಕ್ಯಾಬಿನ್ನಿನ ಬಿಸಿಲು ನೆರಳಿನ ಚೌಕ ಎಂಬುದು ಹೊಳೆಯುತ್ತದೆ. ಮೆಟ್ಟಿಲ ಅಂಚನ್ನು ಮಾತ್ರ ಎಳೆದು ನೋಡಿದರೆ ಅದು ಮುರಗಿ, ಏರುತ್ತ ಇಳಿಯುತ್ತ ಹೋಗುವ ನಮ್ಮ ಕಸೂತಿಯದೇ ಹೊಲಿಗೆ. ಅಲ್ಲಿಗೆ ಎರಡು ದಾರಿ ತೆರೆದವು, ಪಟ್ಟಿಗಳಿಂದ ಕಟ್ಟುವುದು ಒಂದು, ಇಡೀ ಬಟ್ಟೆಯ ಮೇಲೆ ಮುರಗಿಯ ಗೆರೆಯಲ್ಲಿ ಹೊಲಿಯುವುದು ಇನ್ನೊಂದು. ನಾಲ್ಕನೆಯ ಪುಟಕ್ಕೆ ಬಟ್ಟೆಯ ಚೂರುಗಳು ಅಂಟುತ್ತವೆ. ಅಲ್ಲಿ ಇನ್ನೊಂದು ಮೋಸ ಬಯಲಾಗುತ್ತದೆ. ಕಡುನೀಲಿಯೂ ಕುಂಕುಮಗೆಂಪೂ ಕೈಯಲ್ಲಿ ಹಿಡಿದಾಗ ಬೇರೆ ಬೇರೆ, ಹತ್ತು ಅಡಿ ದೂರದಿಂದ ಎರಡೂ ಒಂದೇ ಕತ್ತಲು. ಮೆಟ್ಟಿಲು ಮಾಯ. ಇಷ್ಟು ಹೊತ್ತಿನ ತನಕ ಕತ್ತರಿ ಒಂದು ಗಜ ಬಟ್ಟೆಯನ್ನೂ ಮುಟ್ಟಿಲ್ಲ.

ಈಗ ಆಕ್ಷೇಪಗಳು. ಮೊದಲನೆಯದೇ ಗಟ್ಟಿಯಾದದ್ದು. ಜಗತ್ತಿನ ಅತ್ಯುತ್ತಮ ಕೌದಿಗಳೆಲ್ಲ ಪುಸ್ತಕವಿಲ್ಲದೆ ಆದವಲ್ಲವೇ? ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಂಗಸರ ಕೌದಿಗಳನ್ನು ನೋಡಿ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅವುಗಳ ಬಗ್ಗೆ ಬರೆದ ಮೇಲೆ ಅವು ಆ ದೇಶದ ಮ್ಯೂಸಿಯಮ್ಮುಗಳ ಗೋಡೆಗೂ ಹೋದವು. ಅಲಬಾಮಾ ರಾಜ್ಯದಲ್ಲಿ ನದಿಯೊಂದರ ತಿರುವಿನಲ್ಲಿರುವ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರ ಕ್ವಿಲ್ಟುಗಳು 2002ರಲ್ಲಿ ಹ್ಯೂಸ್ಟನ್ನಿನಲ್ಲಿ, ಅನಂತರ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನವಾದಾಗ ವಿಮರ್ಶಕರು ಅವನ್ನು ಆಧುನಿಕ ಚಿತ್ರಕಲೆಯ ಸಾಲಿಗೆ ಸೇರಿಸಿ ಮಾತಾಡಿದರು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಅಂಚೆಚೀಟಿ ತಂದಿತು. ಈ ಎರಡು ಕಡೆಯೂ ಚೌಕಳಿ ಕಾಗದದ ಸುಳಿವಿಲ್ಲ. ಹಳೆಯ ಸೀರೆ, ಹೊಲದಲ್ಲಿ ಸವೆದ ಪ್ಯಾಂಟು, ಕೈಯಲ್ಲಿ ಸಿಕ್ಕಿದ್ದೇ ಬಣ್ಣ.

ಈ ಆಕ್ಷೇಪವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಎರಡೂ ಕೆಲಸಗಳ ಕ್ರಮವನ್ನು ಸ್ವಲ್ಪ ನಿಂತು ನೋಡಬೇಕು. ಸಿದ್ದಿ ಕೌದಿ ಮೂಲೆಯಿಂದ ಶುರುವಾಗುತ್ತದೆ. ಕೆಳಗೆ ಸೀರೆ ಹಾಸಿ, ಅಂಚಿನ ಉದ್ದಕ್ಕೂ ತುಂಡಿನ ತುದಿ ಮಡಚಿ ಇಟ್ಟು, ಎಳೆಹೊಲಿಗೆ ಹಾಕುತ್ತ ಸುತ್ತು ಸುತ್ತಾಗಿ ಒಳಗೆ ಬರುತ್ತಾರೆ. ಮೂಲೆಗಳಿಗೆ ಮಡಚಿದ ತ್ರಿಕೋನದ ಫೂಲ್ ಇಲ್ಲದಿದ್ದರೆ ಆ ಕೌದಿ ಮುಗಿದಂತಲ್ಲ. ಜೀಸ್ ಬೆಂಡಿನ ಪ್ರಸಿದ್ಧ ಮಾದರಿ ‘ಹೌಸ್‌ಟಾಪ್’ ತದ್ವಿರುದ್ಧ, ನಡುವಿನ ತುಂಡಿನಿಂದ ಹೊರಟು ಪಟ್ಟಿಯ ಮೇಲೆ ಪಟ್ಟಿ ಹಚ್ಚುತ್ತ ಹೊರಗೆ ಬೆಳೆಯುತ್ತದೆ. ಒಳಗಿನಿಂದ ಬೆಳೆಯುವುದಕ್ಕೆ ಅಳತೆಯ ಭಯವಿಲ್ಲ, ಬಟ್ಟೆ ಇರುವ ತನಕ ಬೆಳೆಸಬಹುದು. ಹೊರಗಿನಿಂದ ಒಳಗೆ ಬರುವುದಕ್ಕೆ ಅಳತೆ ಮೊದಲ ದಿನವೇ ನಿಂತಿರುತ್ತದೆ, ಪ್ರಶ್ನೆಯೆಲ್ಲ ಕೊನೆಗೆ ನಡುವೆ ಉಳಿಯುವ ಜಾಗದ್ದು. ಎರಡರಲ್ಲೂ ಒಂದು ತುಂಡು ಹಚ್ಚಿದ ಮೇಲೆಯೇ ಮುಂದಿನ ತುಂಡನ್ನು ಆರಿಸುತ್ತಾರೆ, ಎಲ್ಲವನ್ನೂ ಮೊದಲೇ ಕತ್ತರಿಸಿಡುವುದಿಲ್ಲ. ತಪ್ಪಿದರೆ ಮುಂದಿನ ತುಂಡು ಅದನ್ನು ಹೊಂದಿಸಿಕೊಳ್ಳುತ್ತದೆ. ಕ್ರಮ ಎಂಬುದು ಅಜ್ಜಿ, ಅತ್ತೆ, ನೆರೆಮನೆಯವರ ಕೂಡ ಕೂತು ಹೊಲಿಯುವಾಗ ಕೈಗೆ ಬಂದಿರುತ್ತದೆ. ಕರಡು ಪುಸ್ತಕ ಮಾಡಬೇಕಾದ ಕೆಲಸವನ್ನು ಅಲ್ಲಿ ಜಗುಲಿ ಮಾಡುತ್ತಿದೆ, ಬಟ್ಟೆಯ ಗುಡ್ಡೆ ಮಾಡುತ್ತಿದೆ. ಅಂಥವರ ಕೈಗೆ ಪೆನ್ಸಿಲ್ ಕೊಟ್ಟು ಮೊದಲು ಬರೆಯಿರಿ ಎನ್ನುವುದು ತರಬೇತಿಯ ಹೆಸರಿನಲ್ಲಿ ಆಗುವ ತಪ್ಪು. ಇದನ್ನು ನಮ್ಮ ಕರಕುಶಲ ಶಿಬಿರಗಳನ್ನು ಯೋಜಿಸುವವರು ಗಮನಿಸಬೇಕು.

ಹಾಗಿದ್ದರೆ ಪುಸ್ತಕ ಯಾರಿಗೆ? ಆ ಜಗುಲಿ ಇಲ್ಲದವರಿಗೆ. ಬೆಂಗಳೂರಿನ ಫ್ಲ್ಯಾಟಿನಲ್ಲೋ ನ್ಯೂಜೆರ್ಸಿಯ ಮನೆಯಲ್ಲೋ ಒಬ್ಬರೇ ಕೂತು ಹೊಲಿಯುವವರಿಗೆ, ಹೊಸ ಬಟ್ಟೆಯನ್ನು ದುಡ್ಡು ಕೊಟ್ಟು ತಂದು ಎಲ್ಲ ತುಂಡುಗಳನ್ನೂ ಮೊದಲೇ ಕತ್ತರಿಸಬೇಕಾದ ಮಾದರಿ ಹಿಡಿದವರಿಗೆ, ಪರಂಪರೆ ಹೇಳಿಕೊಡದ ಹೊಸದೇನನ್ನೋ ಮಾಡಹೊರಟವರಿಗೆ. ಪರಂಪರೆಯವರಿಗೂ ಪುಸ್ತಕದಿಂದ ಒಂದು ಉಪಯೋಗವಿದೆ. ಅದು ಹೊಲಿಯುವ ಮೊದಲು ಅಲ್ಲ, ಹೊಲಿದ ಮೇಲೆ. ಕೌದಿ ಹೊದೆಯುವ ವಸ್ತು. ಒಗೆತ, ಬಿಸಿಲು, ಮಕ್ಕಳು, ಇಲಿ ಎಲ್ಲ ಸೇರಿ ಅದನ್ನು ಮುಗಿಸುತ್ತವೆ. ಹರಿದ ಕೌದಿ ಮತ್ತೊಂದರ ಹೊಟ್ಟೆಯೊಳಗೆ ಹೋಗುತ್ತದೆ. ಅದು ಹೋಗುವ ಮೊದಲು ಅದರ ಜೋಡಣೆಯನ್ನು ಹೊಲಿದವರ ಹೆಸರಿನ ಸಮೇತ ಒಂದು ಪುಟಕ್ಕೆ ಇಳಿಸಿಕೊಂಡರೆ ಮುಂದೆ ಯಾರಾದರೂ ಆ ವಿನ್ಯಾಸವನ್ನು ತಮ್ಮದೆಂದು ಮಾರಲು ಹೊರಟಾಗ ತೋರಿಸಲು ಒಂದು ಕಾಗದವಾದರೂ ಇರುತ್ತದೆ.

ಎರಡನೆಯ ಆಕ್ಷೇಪ, ನಮಗೆ ಚಿತ್ರ ಬರೆಯಲು ಬರುವುದಿಲ್ಲ ಎಂಬುದು. ಇದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಈವರೆಗೆ ಹೇಳಿದ ಯಾವ ಪುಟಕ್ಕೂ ಮುಖ, ಮರ, ಕುದುರೆ ಬರೆಯುವ ಕೈ ಬೇಕಿಲ್ಲ. ಎಣಿಸಲು ಬಂದರೆ, ಚುಕ್ಕಿ ಇಡಲು ಬಂದರೆ ಸಾಕು.

ಮೂರನೆಯದು, ಬರೆದು ಬರೆದು ಹೊಲಿಯುವ ಆಸೆಯೇ ತೀರಿಹೋಗುತ್ತದೆ ಎಂಬ ಆಕ್ಷೇಪ. ಇದು ಸುಳ್ಳಲ್ಲ. ಪುಸ್ತಕವೇ ಕಲಾಕೃತಿಯಾಗಿ, ಪುಟಪುಟಕ್ಕೂ ಬಣ್ಣ ಬಳಿದು ಲೇಸು ಅಂಟಿಸುವ ಒಂದು ಹವ್ಯಾಸ ಈಗ ಬೆಳೆದಿದೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಅದನ್ನು ಕರಡು ಎನ್ನಲಾಗದು. ಕರಡಿಗೆ ನಾನು ಒಂದು ಪರೀಕ್ಷೆ ಇಡುತ್ತೇನೆ. ಪುಟ ಮುಗಿದಾಗ ಅಲ್ಲೊಂದು ಉತ್ತರ ಸಿಗದ ಪ್ರಶ್ನೆ ಉಳಿದಿರಬೇಕು, ಆ ಪ್ರಶ್ನೆಗೆ ಬಟ್ಟೆಯೇ ಉತ್ತರ ಹೇಳಬೇಕು. ಅರ್ಧ ಮನೆ ಎಲ್ಲಿಗೆ ಹೋಗಬೇಕು, ಈ ಓರೆ ಅಂಚು ಹಿಗ್ಗುತ್ತದೆಯೇ, ಈ ಕೆಂಪು ತೊಳೆದಾಗ ಬಣ್ಣ ಬಿಡುತ್ತದೆಯೇ. ಎಲ್ಲವೂ ಕಾಗದದ ಮೇಲೆಯೇ ತೀರ್ಮಾನವಾದರೆ ಹೊಲಿಯುವುದು ಬರೀ ನಕಲು ಕೆಲಸವಾಗುತ್ತದೆ, ಬೇಸರ ಬರುವುದು ಸಹಜ.

ನಾಲ್ಕನೆಯದು ಕಂಪ್ಯೂಟರಿನದು. ಕ್ವಿಲ್ಟ್ ವಿನ್ಯಾಸದ ತಂತ್ರಾಂಶಗಳು ಆ 256 ಜೋಡಣೆಗಳನ್ನು ಕ್ಷಣದಲ್ಲಿ ತಿರುಗಿಸಿ ತೋರಿಸುತ್ತವೆ, ಮಾರ್ಜಿನ್ನಿನ ಲೆಕ್ಕವನ್ನೂ ತಾವೇ ಹಾಕುತ್ತವೆ. ಲೆಕ್ಕದ ಕೆಲಸಕ್ಕೆ ಅವನ್ನು ಧಾರಾಳವಾಗಿ ಬಳಸಲಿ. ನಲವತ್ತು ಜೋಡಣೆಗಳನ್ನು ಕೈಯಿಂದ ಮಸಿ ಮಾಡಿದವರಿಗೆ ಹದಿನೇಳನೆಯದು ಯಾಕೆ ಹಿಡಿಸಿತು ಎಂದು ಹೇಳಲು ಬರುತ್ತದೆ. ಪರದೆಯ ಮೇಲೆ 256 ಸಾಲಾಗಿ ಓಡಿದಾಗ ಹಾಗೆ ಹೇಳುವುದು ಕಷ್ಟ. ಇಳಕಲ್ ಸೆರಗಿನ ರೇಷ್ಮೆ ಒಂದು ಕಡೆಯಿಂದ ಕಂಡ ಬಣ್ಣ ಇನ್ನೊಂದು ಕಡೆಯಿಂದ ಕಾಣುವುದಿಲ್ಲ ಎಂಬುದನ್ನು ಪರದೆ ಇನ್ನೂ ಕಲಿತಿಲ್ಲ.

ಕೊನೆಯದಾಗಿ, ಈ ಸಂಸ್ಥೆಯ ಗ್ರಂಥಾಲಯದವರಲ್ಲೂ ಹೊಲಿಗೆ ವಿಭಾಗದವರಲ್ಲೂ ಒಂದು ಕೋರಿಕೆ. ಒಳ್ಳೆಯ ಕೌದಿಯೋ ಕಸೂತಿಯೋ ಸಂಗ್ರಹಕ್ಕೆ ಬಂದಾಗ ನಾವು ಅದಕ್ಕೆ ಸಂಖ್ಯೆ ಹಾಕಿ, ನುಸಿಗುಳಿಗೆ ಇಟ್ಟು, ಕಪಾಟಿನಲ್ಲಿ ಜೋಪಾನ ಮಾಡುತ್ತೇವೆ. ಕೊಟ್ಟವರ ಮನೆಯಲ್ಲಿ ಎಣ್ಣೆಗೈಯ ಗುರುತಿರುವ ರಂಗೋಲಿ ಡೈರಿ, ಬಾಣ ಹಾಕಿದ ಚೌಕಳಿ ಹಾಳೆ, ‘31½, ತಪ್ಪು’ ಎಂದು ಕೆಂಪಿನಲ್ಲಿ ಬರೆದುಕೊಂಡ ಲೆಕ್ಕದ ಚೀಟಿ ಏನಾದರೂ ಇದೆಯೇ ಎಂದು ಅವತ್ತೇ ಕೇಳಿ ಪಡೆದು, ಅದಕ್ಕೂ ಅದೇ ಸಂಖ್ಯೆ ಹಾಕಿ ಪಕ್ಕದಲ್ಲೇ ಇಡಬೇಕು. ಮನೆ ಬದಲಾಯಿಸುವಾಗ ರದ್ದಿಗೆ ಮೊದಲು ಹೋಗುವುದು ಆ ಕಾಗದಗಳೇ.